ಗೋಡೆಯ ಮೇಲಿನ ಬಿಸಿಲು

ಹೋದ ತಿಂಗಳು ತಮ್ಮನ ಮಗಳ ಮದುವೆಗೆ ಸೀರೆ ತರಲು ಇಳಕಲ್ಲಿಗೆ ಹೋಗಿದ್ದೆ. ನಾನು ಹುಟ್ಟಿ ಬೆಳೆದ ಊರು. ಆದರೆ ಅಲ್ಲಿ ನಮ್ಮದೆಂಬ ಮನೆ ಉಳಿದಿಲ್ಲವಾದ್ದರಿಂದ ಹೋಗುವುದು ತಪ್ಪಿತ್ತು. ಅಂಗಡಿಯವನು ನೇಯುವುದನ್ನು ತೋರಿಸುತ್ತೇನೆಂದು ಹಿಂದಿನ ಓಣಿಯ ಒಂದು ಮನೆಗೆ ಕರೆದೊಯ್ದ. ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ ಬಂತು. ಮಣ್ಣಿನ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಬಾಗಿಲು ಮುಚ್ಚಿಟ್ಟ ಕೋಣೆಯ ವಾಸನೆ. ಅದರೊಳಗೆ ನೂಲಿಗೆ ಹಚ್ಚಿದ ಗಂಜಿಯ ಸಣ್ಣ ಹುಳಿ... ನಾನು ಅಲ್ಲಿಯೇ ನಿಂತುಬಿಟ್ಟೆ.

ನಮ್ಮ ಎದುರು ಮನೆಯ ಚಿಗವ್ವ ಇಂಥ ಕೋಣೆಯಲ್ಲಿಯೇ ಕೂತಿರುತ್ತಿದ್ದಳು.

ರಕ್ತಸಂಬಂಧವೇನೂ ಇರಲಿಲ್ಲ. ನಮ್ಮ ಅವ್ವನನ್ನು ಅವಳು ಅಕ್ಕಾ ಎನ್ನುತ್ತಿದ್ದಳು, ಹಾಗಾಗಿ ನನಗೆ ಚಿಗವ್ವನಾದಳು. ಗುಡೂರಿನ ಒಕ್ಕಲುಮನೆಯ ಹೆಣ್ಣು. ಹೊಲದ ಬದುವಿನ ಮೇಲೆ ಬೆಳೆದವಳನ್ನು ಇಳಕಲ್ಲಿನ ಕುಣಿಮಗ್ಗದ ಮನೆಗೆ ಕೊಟ್ಟಿದ್ದರು. ಗಂಡ ನೆಲದೊಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಅವನನ್ನು ನಾವು ಕಾಕಾ ಎನ್ನುತ್ತಿದ್ದೆವು. ಅವನ ಲಾಳಿಗೆ ಬೇಕಾದ ನೂಲನ್ನು ಚಿಗವ್ವ ರಾಟಿಯ ಮೇಲೆ ಕಂಡಿಕೆ ಎಂಬ ಸಣ್ಣ ಸಣ್ಣ ಕೊಳವೆಗಳಿಗೆ ಸುತ್ತಿಕೊಡಬೇಕು. ರಾಟಿ ನಿಂತರೆ ಮಗ್ಗವೂ ನಿಂತಂತೆ. ಓಣಿಯ ಎಲ್ಲ ಮಗ್ಗದ ಮನೆಗಳೂ ಹೀಗೆಯೇ ನಡೆಯುತ್ತಿದ್ದವು.

ಬೇಸಿಗೆಯಲ್ಲಿ ಅವಳ ಬಾಯಿಗೆ ಯಾರೂ ಎದುರು ನಿಲ್ಲುತ್ತಿರಲಿಲ್ಲ. ನಾನು ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತರೆ ಎದುರಿನಿಂದಲೇ ಶುರು ಮಾಡುತ್ತಿದ್ದಳು.

"ಏನವಾ ಮಾಸ್ತರಿಣಿ, ಇವತ್ತ ಪುಸ್ತಕಾನ ಕುದಿಸಿ ಸಾರ ಮಾಡ್ತಿಯೇನು? ನಿಮ್ಮವ್ವಗರೆ ಬ್ಯಾಳಿ ಉಳೀತಾವ."

ನಮ್ಮಪ್ಪ ಸಂತೆಯಲ್ಲಿ ಚೀಲ ಹೊರುತ್ತಿದ್ದ, ಅವ್ವನಿಗೆ ಸಹಿ ಬರುತ್ತಿರಲಿಲ್ಲ. ಅಂಥ ಮನೆಯಿಂದ ನಾನು ಬಿ.ಎ. ತನಕ ಓದಿದೆ. ಇದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ. ಹೆಣ್ಣುಮಗಳನ್ನು ಬಾಗಲಕೋಟೆಯ ಕಾಲೇಜಿಗೆ ಕಳಿಸುವುದೇಕೆ ಎಂದು ಓಣಿಯವರೆಲ್ಲ ಅಂದಾಗ, ಕಳಿಸು ಎಂದು ಅವ್ವನಿಗೆ ಗಂಟುಬಿದ್ದವಳು ಇವಳೊಬ್ಬಳೇ.

ದೀಪಾವಳಿ ಕಳೆದು ಮಾಗಿಯ ಚಳಿ ಹಿಡಿಯತೊಡಗಿದರೆ ಅವಳು ಬೇರೆಯೇ ಹೆಂಗಸಾಗುತ್ತಿದ್ದಳು. ಮೊದಲು ನಗೆ ಹೋಗುತ್ತಿತ್ತು, ಆಮೇಲೆ ಮಾತು. ಹೊತ್ತು ಏರಿದರೂ ಕೌದಿಯಿಂದ ಹೊರಗೆ ಬರುತ್ತಿರಲಿಲ್ಲ. ಎದ್ದರೂ ರಾಟಿಯ ಮುಂದೆ ಮಡಿಲಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಒಮ್ಮೆ ಅವ್ವ ಏನಾಗಿದೆಯೆಂದು ಕೇಳಿದ್ದಕ್ಕೆ, "ಏನೂ ಆಗಿಲ್ಲಕ್ಕಾ. ಕೈ ಎತ್ತಬೇಕಂದ್ರ ಅದು ಯಾರ್ದೋ ಕೈ ಇದ್ದಂಗ ಐತಿ," ಎಂದಳು. ಶಿವರಾತ್ರಿ ಬಂತೆಂದರೆ ತಾನಾಗಿಯೇ ಏಳುತ್ತಿದ್ದಳು. ಹೀಗೆ ಪ್ರತಿ ವರ್ಷ.

ಅವಳ ಅತ್ತೆಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಕೆಟ್ಟ ಮುದುಕಿಯಲ್ಲ. ಸೊಸೆಗೆ ಮಕ್ಕಳಾಗಿರಲಿಲ್ಲ, ಆ ಮಾತನ್ನು ಆಯಿ ಒಮ್ಮೆಯೂ ಎತ್ತಲಿಲ್ಲ. ಅವಳ ತಕರಾರು ರಾಟಿಯದೊಂದೇ. "ಜ್ವರಿಲ್ಲ, ಕೆಮ್ಮಿಲ್ಲ. ಬರೇ ಚಳಿಗಾಲದಾಗ ಬರೂ ಬ್ಯಾನಿ ಎಲ್ಲೆರೆ ಕೇಳೀಯೇನವಾ?" ಎಂದು ನಮ್ಮವ್ವನನ್ನು ಕೇಳುತ್ತಿದ್ದಳು. ಅವ್ವ ಕೇಳಿರಲಿಲ್ಲ, ನಾನು ಓದಿರಲಿಲ್ಲ. ದವಾಖಾನೆಯಲ್ಲಿ ರಕ್ತ ಕಡಿಮೆಯೆಂದು ಟಾನಿಕ್ ಕೊಟ್ಟರು. ಕಾಕಾ ತುಳಸಿಗೇರಿಯ ಹಣಮಪ್ಪನಿಗೆ ಹರಕೆ ಹೊತ್ತು ಅವಳನ್ನು ಕರೆದೊಯ್ದ. ದಿನವಿಡೀ ಬಯಲಲ್ಲಿದ್ದು ಬಂದ ಮೇಲೆ ಮೂರ್ನಾಲ್ಕು ದಿನ ಗೆಲುವಾಗಿದ್ದಳು. ದೇವರು ಕಣ್ಣು ತೆರೆದ ಎಂದರು. ಮತ್ತೆ ಕೌದಿ ಹೊದ್ದು ಮಲಗಿದಳು.

ಅವಳಿಗೆ ಬೇಕಾದದ್ದು ಏನೆಂದು ಮೊದಲು ಹೊಳೆದದ್ದು ನಮ್ಮವ್ವನಿಗೆ. ನಮ್ಮ ಕಟ್ಟೆಗೆ ಮುಂಜಾನೆಯ ಬಿಸಿಲು ಬೀಳುತ್ತಿತ್ತು. ಒಂದು ಚಳಿಗಾಲ ಅವ್ವ ಎದುರು ಮನೆಗೆ ಹೋಗಿ ರಾಟಿಯನ್ನು ತಾನೇ ಎತ್ತಿ ತಂದು ಕಟ್ಟೆಯ ಮೇಲಿಟ್ಟಳು. ಚಿಗವ್ವ ಅದರ ಹಿಂದೆ ಬಂದು ಕೂತಳು. ಎರಡು ವಾರದಲ್ಲಿ ಅವಳ ಮುಖಕ್ಕೆ ಜೀವ ಬಂತು. ರಜೆಗೆಂದು ಬಂದಿದ್ದ ನನ್ನನ್ನು ನೋಡಿ, ಬಾಗಲಕೋಟಿ ನೀರು ಕುಡಿದು ಕತ್ತೆಯಂತಾಗಿದ್ದೀಯೆಂದು ಬೈದಳು. ಆ ಬೈಗುಳ ಕೇಳಿ ಅವ್ವ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಆದರೆ ಸೆರಗಿನ ರೇಷ್ಮೆ ಎಳೆಗೆ ಮಾಗಿಯ ಒಣಗಾಳಿ ಆಗಿಬರುವುದಿಲ್ಲ. ಅದಕ್ಕೆಂದೇ ಮಗ್ಗದ ಮನೆಯವರು ನೆಲಕ್ಕೆ ನೀರು ಹೊಡೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ ಎಳೆ ಹರಿಯುತ್ತಲೇ ಇತ್ತು, ಅವಳು ಗಂಟು ಹಾಕುತ್ತಲೇ ಇದ್ದಳು. ಸೀರೆ ನೇಯ್ದು ಮುಗಿದಾಗ ಸೆರಗೆಲ್ಲ ಗಂಟು. ಯಾರದೋ ಮದುವೆಗೆಂದು ನೇಯಿಸಿದ ಸೀರೆ. ನೂಲು ಕೊಟ್ಟಿದ್ದ ಸಾವಕಾರ ಅದನ್ನು ಹಿಂದಕ್ಕೆ ಕಳಿಸಿದ. ಇನ್ನೊಮ್ಮೆ ಹೀಗಾದರೆ ನೂಲು ಬೇರೆ ಮನೆಗೆ ಹೋಗುತ್ತದೆಂದು ಹೇಳಿಕಳಿಸಿದ.

ರಾಟಿಯನ್ನು ಒಯ್ಯಲು ಕಾಕಾನೇ ಬಂದ. ಎತ್ತಿಕೊಂಡವನು ಹೋಗಲಿಲ್ಲ, ಅವ್ವನ ಮುಂದೆ ನಿಂತ.

"ನಾ ಏನ ಮಾಡ್ಲೆಕ್ಕಾ? ಬಾಗಲಾ ತಗದ್ರ ಎಳಿ ಉಳಿಯೂದಿಲ್ಲ. ಮುಚ್ಚಿದ್ರ ಇಕಿ ಉಳಿಯೂದಿಲ್ಲ."

ಅವ್ವ ಕಟ್ಟೆಯ ಮೇಲೆ ಬಿದ್ದಿದ್ದ ಹರಿದ ಎಳೆಗಳನ್ನು ಆಯ್ದು ಅವನ ಕೈಗೆ ಕೊಟ್ಟಳು.

ಆ ಬೇಸಿಗೆಯಲ್ಲಿ ಕಾಕಾ ತನಗೆ ತೋಚಿದ್ದನ್ನು ಮಾಡಿದ. ಮಾಳಿಗೆಯ ಮಣ್ಣು ಒಡೆದು, ರಾಟಿಯ ನೆತ್ತಿಯ ಮೇಲೆ ಸರಿಯಾಗಿ ಒಂದು ಬೆಳಕಿಂಡಿ ತೆಗೆದು ಗಾಜು ಕೂರಿಸಿದ. ಗಾಳಿ ಬರುವುದಿಲ್ಲ, ಬಿಸಿಲು ಬರುತ್ತದೆ. ಮಧ್ಯಾಹ್ನದ ಬಿಸಿಲು ನೆಟ್ಟಗೆ ಇಳಿದು ಚಿಗವ್ವನ ಮಡಿಲಲ್ಲಿ ಬೀಳುತ್ತಿತ್ತು. ಓಣಿಯ ಹೆಂಗಸರೆಲ್ಲ ನೋಡಲು ಬಂದರು. "ನನ್ನ ಗಂಡ ನನಗ ಸೂರ್ಯನ್ನ ಮನಿಗೆ ತಂದಾನ್ರೆವಾ, ನಿಮ್ಮ ಗಂಡಂದ್ರು ಏನ ತಂದಾರ?" ಎಂದು ಅವಳು ಎಲ್ಲರನ್ನೂ ರೇಗಿಸಿದಳು. ಕಾಕಾ ಕುಣಿಯಲ್ಲಿ ತಲೆತಗ್ಗಿಸಿ ನಗುತ್ತಿದ್ದ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಚಳಿಗಾಲ ಬಂತು. ಸೂರ್ಯ ತೆಂಕಣಕ್ಕೆ ವಾಲುತ್ತಾನೆ, ಇದು ನಮಗೆಲ್ಲ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಬೆಳಕಿಂಡಿ ತೆಗೆಯುವಾಗ ಯಾರಿಗೂ ನೆನಪಾಗಲಿಲ್ಲ, ಅಷ್ಟೇ. ಬಿಸಿಲಿನ ತುಂಡು ದಿನದಿನಕ್ಕೂ ರಾಟಿಯಿಂದ ಸರಿಯುತ್ತ ಬಡಗಣ ಗೋಡೆ ಹತ್ತಿತು. ಆ ಸಲ ರಜೆಗೆ ಬಂದಾಗ ಅವಳನ್ನು ನೋಡಲು ಹೋದೆ. ರಾಟಿ ಮೂಲೆಯಲ್ಲಿತ್ತು. ಚಿಗವ್ವ ಗೋಡೆಯ ಹತ್ತಿರ ತುದಿಗಾಲ ಮೇಲೆ ನಿಂತು, ಮೇಲಿದ್ದ ಆ ಚೌಕ ಬಿಸಿಲಿಗೆ ಅಂಗೈ ಹಚ್ಚಿಕೊಂಡಿದ್ದಳು. ಕೈಯಷ್ಟೇ ಮುಟ್ಟುತ್ತಿತ್ತು. ನನ್ನ ಕಡೆ ತಿರುಗಿ ನೋಡಿದಳು. ಮಾಸ್ತರಿಣಿ ಎನ್ನಲಿಲ್ಲ.

ಮಗ್ಗ ನಿಂತಿತು. ಆಯಿ ಗುಡೂರಿಗೆ ಹೇಳಿಕಳಿಸಿದಳು. ಚಿಗವ್ವನ ಅಣ್ಣ ಬಂದು, ಶಿವರಾತ್ರಿಯ ತನಕ ಇರಲಿ ಎಂದು ಕರೆದುಕೊಂಡು ಹೋದ. ಅದೇ ಮಾಗಿಯಲ್ಲಿ ಆಯಿ ತನ್ನ ತವರಿನ ಕಡೆಯ ಒಬ್ಬ ಹುಡುಗಿಯನ್ನು ಮಗನಿಗೆ ತಂದು ಮನೆ ತುಂಬಿಸಿಕೊಂಡಳು. ಕಂಡಿಕೆ ಸುತ್ತುವುದರಲ್ಲಿ ಚುರುಕಿನ ಹುಡುಗಿ. ಕಾಕಾ ಒಲ್ಲೆ ಎಂದನಂತೆ. ಎಷ್ಟು ದಿನ ಒಲ್ಲೆ ಎಂದನೋ...

ಶಿವರಾತ್ರಿ ಮುಗಿದ ಮೇಲೆ ಚಿಗವ್ವ ಬಂದಳು. ಪ್ರತಿ ವರ್ಷದಂತೆ ಚೇತರಿಸಿಕೊಂಡು, ಮುಖ ತುಂಬಿಕೊಂಡು, ಹೊಸ ಜೋಳದ ಗಂಟು ಬಗಲಲ್ಲಿಟ್ಟುಕೊಂಡು. ಅವಳಿಗೆ ಯಾರೂ ಹೇಳಿರಲಿಲ್ಲ. ಒಳಗೆ ರಾಟಿಯ ಸಪ್ಪಳ ಕೇಳಿ ಹೊಸ್ತಿಲ ಹೊರಗೇ ನಿಂತಳಂತೆ. ಕಾಕಾ ಕುಣಿಯಿಂದ ಮೇಲೆ ಬರಲಿಲ್ಲ. ಅವಳು ತಿರುಗಿ ಓಣಿ ದಾಟಿ ನಮ್ಮ ಕಟ್ಟೆಯ ಮೇಲೆ ಕೂತಳು. ಅವ್ವ ಚಹಾ ಕೊಟ್ಟಳು. ಕುಡಿಯುತ್ತ ಎದುರಿನ ರಾಟಿಯ ಸಪ್ಪಳವನ್ನೇ ಕೇಳಿಸಿಕೊಂಡಳು.

"ಚೊಲೊ ಸುತ್ತತಾಳಕ್ಕಾ. ಎಲ್ಲೂ ಎಳಿ ಹರೀವಲ್ದು," ಎಂದಳು.

ಜೋಳದ ಗಂಟನ್ನು ಅವ್ವನ ಹತ್ತಿರ ಬಿಟ್ಟು ಸಂಜೆಯ ಬಸ್ಸಿಗೆ ಗುಡೂರಿಗೆ ಹೋದಳು. ಇದನ್ನೆಲ್ಲ ಅವ್ವನೇ ನನಗೆ ಹೇಳಿದ್ದು. ನಾನು ಬಾಗಲಕೋಟೆಯಲ್ಲಿ ಕೊನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದೆ. ಪಾಸಾದೆ. ಮುಂದಿನ ಮಾಗಿಯನ್ನು ಅವಳು ದಾಟಲಿಲ್ಲ. ಹೇಗೆ, ಏನು ಎಂದು ಗುಡೂರಿನವರು ಹೇಳಲಿಲ್ಲ, ನಾವೂ ಒತ್ತಿ ಕೇಳಲಿಲ್ಲ.

ನಿವೃತ್ತಿಯಾದ ಮೇಲೆ, ಇಂಥದ್ದೊಂದು ಬೇನೆ ಇದೆ, ಅದಕ್ಕೆ ಹೆಸರೂ ಇದೆ ಎಂದು ಎಲ್ಲೋ ಓದಿದೆ. ಓದಿ ಪುಸ್ತಕ ಮುಚ್ಚಿಟ್ಟೆ. ಅವಳಿಲ್ಲದ ಮೇಲೆ ಆ ಹೆಸರು ಯಾರ ಉಪಯೋಗಕ್ಕೆ?

ಹೋದ ತಿಂಗಳ ಆ ಕೋಣೆಯಲ್ಲಿಯೂ ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು ಬಲ್ಬಿನ ಕೆಳಗೆ ಕಂಡಿಕೆ ಸುತ್ತುತ್ತಿದ್ದಳು. ಹೊರಗೆ ಬಿಸಿಲು ಚೆನ್ನಾಗಿದೆ, ಬಾಗಿಲು ತೆಗೆಯಬಾರದೇ ಎಂದೆ. ಅವಳು ತಲೆ ಎತ್ತಲಿಲ್ಲ.

"ಎಳಿ ಹರೀತಾವ್ರಿ."

ಅಂಗಡಿಗೆ ಮರಳಿ ಸೀರೆ ಆರಿಸಿದೆ. ಬಾಗಿಲ ಬಳಿ ಬಿಸಿಲಿಗೆ ಹಿಡಿದು ಸೆರಗಿನ ಉದ್ದಕ್ಕೂ ಬೆರಳಾಡಿಸಿ ಹುಡುಕಿದೆ. ಎಲ್ಲಿಯೂ ಒಂದೇ ಒಂದು ಗಂಟು ಸಿಗಲಿಲ್ಲ.