ಅವ್ವ ತರುತ್ತಿದ್ದ ಕಾಯಿಗಳು

ಎಡಗಾಲಿನ ಚಪ್ಪಲಿ ಮೂರು ಸಲ ಕಳಚಿತು, ಕಾಲೇಜಿನ ಹದಿನೆಂಟು ಮೆಟ್ಟಿಲು ಇಳಿಯುವಷ್ಟರಲ್ಲಿ. ಪಟ್ಟಿ ಸಡಿಲವಾಗಿದೆ ಎಂದುಕೊಂಡೆ. ನಾಲ್ಕನೆಯ ದಿನ ಚಹಾದ ಕಪ್ಪೂ ಕೈಯಿಂದ ಜಾರಿತು.

ಆಸ್ಪತ್ರೆಯಲ್ಲಿ ಗಿಯಾನ್-ಬಾರೆ ಸಿಂಡ್ರೋಮ್ ಎಂದರು.

ದೇಹ ತನ್ನ ನರಗಳನ್ನೇ ಅನುಮಾನಿಸಿ ದಾಳಿ ಮಾಡುವ ಕಾಯಿಲೆ. ಐಸಿಯುವಿನಲ್ಲಿ ಹನ್ನೊಂದು ದಿನ, ವಾರ್ಡಿನಲ್ಲಿ ಮೂರು ವಾರ. ಕಾಲುಗಳು ವಾಕರ್ ಊರಿ ನಡೆಯುವಷ್ಟಕ್ಕೆ ಬಂದವು. ಬೆರಳುಗಳು ಬರಲಿಲ್ಲ. ಅವುಗಳ ತುದಿಗೆ ನುಣುಪು, ಒರಟು ಯಾವುದೂ ತಿಳಿಯುತ್ತಿರಲಿಲ್ಲ. ನಾನು ಮೈಕ್ರೋಬಯಾಲಜಿ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ, ಪಿಪೆಟ್ ಹಿಡಿಯಲಾಗದವಳಿಗೆ ಲ್ಯಾಬಿನಲ್ಲಿ ಕೆಲಸವಿಲ್ಲ. ದೀಪಾವಳಿಯ ನಂತರ ಹಿಂತಿರುಗಬಹುದೇ ಎಂದು ಕೇಳಿದೆ.

ಎಲ್ಲರೂ ಬಹುದು ಎಂದರು. ಅನುಮಾನ ಬಂದದ್ದೇ ಅದರಿಂದ. ನ್ಯೂರಾಲಜಿಸ್ಟ್ ನನ್ನೆದುರು ಎರಡು ಮಾತು ಹೇಳಿ, ಬಾಗಿಲಾಚೆ ಅವ್ವನೊಂದಿಗೆ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದರು.

ಆಸ್ಪತ್ರೆಯಿಂದ ಮನೆಗೆ ಬಂದೆ. ಧನಕವಡಿಯ ನಮ್ಮ ಹಿತ್ತಿಲಲ್ಲಿ ಕರ್ಣಕುಂಡಲದ ಗಿಡಗಳಿದ್ದವು. ಇಲ್ಲಿನ ಮರಾಠಿಗರು ತೇರಡಾ ಎಂದು ಗೌರಿ ಪೂಜೆಗೆ ತರುವುದು ಅದನ್ನೇ. ಹಬ್ಬ ಮುಗಿದು ಗಿಡ ಕಾಯಿಬಿಟ್ಟಾಗ, ಬೆರಳಿನ ವ್ಯಾಯಾಮಕ್ಕೆಂದು ಅವ್ವ ದಿನಾ ಐದಾರು ಕಾಯಿ ತಂದು ಹಾಸಿಗೆಯ ಮೇಲಿಡತೊಡಗಿದಳು.

ಮೊದಲನೆಯದನ್ನು ಒತ್ತಿದೆ. ಟಪ್ಪೆಂದಿತು. ಬೀಜಗಳು ದಿಂಬಿಗೆ, ನೀರಿನ ಲೋಟಕ್ಕೆ, ಅವ್ವನ ಕೂದಲಿಗೆ ಸಿಡಿದವು. ಕಾಯಿಯ ಸಿಪ್ಪೆ ಐದು ಸೀಳಾಗಿ, ಹುಳುವಿನಂತೆ ಸುರುಳಿ ಸುತ್ತಿಕೊಂಡಿತ್ತು.

"ನೋಡಿದ್ಯೇನು, ಕೈಗೆ ಎಷ್ಟ್ ಜೋರ್ ಬಂದದ. ಇನ್ನ ನಿನ್ನ ಹತ್ರ ಕೂಡಾಕ ಹೆದರಬೇಕು," ಅಂದಳು ಅವ್ವ.

ಎರಡು ವಾರ ನಂಬಿದೆ. ಒಂದು ಸಂಜೆ ವಾಕರ್ ಊರಿ ಹಿತ್ತಿಲ ಬಾಗಿಲಿಗೆ ಹೋದೆ. ಅವ್ವ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಉಬ್ಬಿ ಬಿಳಿಚಿದ ಕಾಯಿಗಳನ್ನಷ್ಟೇ ತೊಟ್ಟು ಹಿಡಿದು, ಉಸಿರು ಬಿಗಿಹಿಡಿದು ಬಿಡಿಸುತ್ತಿದ್ದಳು. ಸೆರಗು ತಗುಲಿದ್ದಕ್ಕೇ ಒಂದು ಸಿಡಿಯಿತು.

ಜೋರು ನನ್ನ ಬೆರಳಿನದಾಗಿರಲಿಲ್ಲ.

"ಬಲಿತವನ್ನ ಅಷ್ಟ ಆರಿಸಿ ತರತೀ ಏನವ್ವಾ?"

ಅವಳು ತಿರುಗಲಿಲ್ಲ. "ಎಳೀವು ಒಡೀಲಿಲ್ಲಂದ್ರ ನೀ ಅವತ್ತ ಬಿಟ್ಟ ಬಿಡ್ತಿದ್ದಿ. ಗೊತ್ತಿಲ್ಲೇನು ನನಗ?"

"ಡಾಕ್ಟರ್ ಹೊರಗ ಏನ್ ಹೇಳ್ತಾರ? ಖರೇ ಹೇಳು."

"ನಿನಗ ಹೇಳಿದ್ದನ್ನ ನನಗ ಮರಾಠಿಯೊಳಗ ಹೇಳ್ತಾರ. ನನಗೆಲ್ಲಿ ಇಂಗ್ಲಿಷ್ ತಿಳೀತದ?"

ನಂಬಲೋ ಬೇಡವೋ ತಿಳಿಯಲಿಲ್ಲ. ಅಲ್ಲೇ ಕುರ್ಚಿ ಹಾಕಿಸಿಕೊಂಡು ಕತ್ತಲಾಗುವವರೆಗೆ ಕೂತೆ. ಯಾರೂ ಮುಟ್ಟದೆ ಕಾಯಿಗಳು ಬಿರಿಯುತ್ತಿದ್ದವು. ಒಂದರ ಬೀಜ ಒಗೆಯುವ ಕಲ್ಲನ್ನು ದಾಟಿ ಪಕ್ಕದವರ ತಗಡಿಗೆ ಬಡಿದು ಸದ್ದು ಮಾಡಿತು. ದಿನಗಟ್ಟಲೆ ಒಳಗೊಳಗೇ ಬಿಗಿಯುತ್ತ, ಹೊರಗೆ ಸುಮ್ಮನೆ ತೂಗಾಡುವ ಒಂದು ಕಾಯಿ ಬಲ ಕೂಡಿಸುತ್ತಿದೆಯೋ ಒಣಗುತ್ತಿದೆಯೋ ಎಂದು ದೂರದಿಂದ ನೋಡಿ ಹೇಳಲು ನನಗೆ ಸಾಧ್ಯವಿರಲಿಲ್ಲ. ನರಗಳ ವಿಷಯದಲ್ಲಿ ಡಾಕ್ಟರರಿಗೂ ಅಷ್ಟೇ ಇರಬಹುದು.

ಮರುದಿನ ಬೆಳಿಗ್ಗೆ ಅವ್ವನಿಗಿಂತ ಮೊದಲೇ ಹಿತ್ತಿಲಿಗೆ ಹೋದೆ. ತೀರ ಎಳೆಯ ಕಾಯಿಯೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದೆ. ಒಡೆಯಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಗ ಅದರ ಮೈಮೇಲಿನ ಸಣ್ಣ ತುಪ್ಪುಳು ಬೆರಳಿಗೆ ತಿಳಿದಂತಾಯಿತು. ನಂಬಲಿಲ್ಲ. ಕಣ್ಣು ಮುಚ್ಚಿ ಒಮ್ಮೆ ನುಣುಪಾದ ದಂಟನ್ನು, ಒಮ್ಮೆ ಕಾಯಿಯನ್ನು ಮುಟ್ಟಿದೆ. ಬೇರೆ ಬೇರೆಯಾಗಿದ್ದವು.

ಮತ್ತೆ ಮೂರು ಸಲ ಮುಟ್ಟಿ ನೋಡಿ, ಆಮೇಲೆ ಅವ್ವನನ್ನು ಕರೆದೆ.