ಖರೀಫ್ ಮುಗಿದ ಮೇಲಿನ ಮೊದಲ ಸದ್ದು

ಆ ಬೆಳಿಗ್ಗೆಯೂ ಎಂದಿನಂತೆ ನೀರುದೋಸೆ ಮಡಚಿ ಡಬ್ಬಿಗಿಟ್ಟು, ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬಂದೆ. ಒಮಾನಿನ ಈ ಸಲಾಲಾದ ತುಂತುರು ಮಳೆ ಕೊನೆಗೂ ನಿಂತಿತ್ತು. ರಾತ್ರಿ ಅಕ್ಕಿಡಬ್ಬದ ಹಿಂದೆ ಜೋಪಾನವಾಗಿಟ್ಟಿದ್ದ ಕಾರಿನ ಕೀ ತೆಗೆದುಕೊಂಡು ಕೆಳಗಿಳಿದೆ.

ಕೀ ಕೆಳಮನೆಯ ಮಾಮಿಯದು. ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಸಾಲು ತೂತುಗಳಿದ್ದ ಅವರ ಬಲಗಿವಿಗೆ ಒಂದಿಷ್ಟು ಮಸಿ ಮೆತ್ತಿಕೊಂಡೇ ಇರುತ್ತಿತ್ತು. ತೀರಿಹೋದ ಗಂಡನ ಹಳೇ ಬಿಳಿ ಕಾರಿನ ಬಾನೆಟ್ಟಿಗೆ ಕಿವಿಯಿಟ್ಟು ಕೇಳುವ ಅಭ್ಯಾಸ. ಇಲ್ಲಿಯವರು ಖರೀಫ್ ಎನ್ನುವ ಮಳೆಗಾಲವಿಡೀ ಕಾರಿಗೆ ಹೊದಿಕೆ. ಅದು ಮುಗಿದು ಸ್ಟಾರ್ಟ್ ಮಾಡುವ ದಿನ ನನ್ನನ್ನೂ ಕರೆಯುತ್ತಿದ್ದರು. ಗಾಬರಿಯಲ್ಲಿ ನಾನು ಪೆಡಲ್ ಒತ್ತಿದರೆ ನಗು.

"ಹೊಲಿಗೆ ಮೆಷಿನ್ ತುಳಿದ ಹಾಗೆ ತುಳೀಬೇಡಿ ಮಾರಾಯ್ತಿ! ಪೆಟ್ರೋಲ್ ಕುಡಿಸಿದ್ದು ಜಾಸ್ತಿಯಾದ್ರೆ ಉಸಿರು ಕಟ್ತದೆ. ನಿಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಇದನ್ನು ಕಲಿಸಲಿಲ್ವಾ?" ಆಮೇಲೆ ಮೆಲ್ಲಗೆ, "ಲೈಟು ಉಂಟು, ಇಂಜಿನ್ ತಿರುಗ್ತದೆ, ಪೆಟ್ರೋಲ್ ವಾಸನೆಯೂ ಉಂಟು ಅಂದ್ರೆ ಅದಕ್ಕೆ ಹಸಿವಲ್ಲ, ಚಳಿ. ಒರೆಸಬೇಕು, ಅಷ್ಟೇ." ಸಿಟ್ಟಿಲ್ಲದೆ ಕೇಳಿಸಿಕೊಳ್ಳುವುದನ್ನು ನಾನು ಕಲಿತದ್ದು ಅವರಿಂದಲೇ.

ಈ ಸಲ ಮಾಮಿ ಹಾಸಿಗೆ ಹಿಡಿದಿದ್ದರು. ಹಿಂದಿನ ಸಂಜೆ ನನ್ನ ಅಂಗೈಗೆ ಕೀ ಒತ್ತಿ, "ಇರುವುದು ಇದೊಂದೇ. ಮಳೆ ಬಿಟ್ಟರೆ ನಾಳೆಯೇ ಸ್ಟಾರ್ಟ್ ಮಾಡಿ. ಒಮ್ಮೆ ಅದರ ಸದ್ದು ಕೇಳಿ ಹೋಗ್ತೇನೆ" ಎಂದಿದ್ದರು.

ಹೊದಿಕೆ ಸರಿಸಿ ಬಾನೆಟ್ಟಿನ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ಬೆಕ್ಕು ಮಲಗಿದ್ದಿರಬೇಕು ಅಂದುಕೊಂಡೆ. ಬ್ಯಾಟರಿಯನ್ನು ಮಾಮಿಯ ಮಗ ಚಾರ್ಜ್ ಮಾಡಿಸಿಟ್ಟಿದ್ದ. ಲೈಟು ಚೆನ್ನಾಗಿಯೇ ಉರಿಯಿತು. ಇಂಜಿನ್ ಗರಗರ ತಿರುಗಿತು, ಹತ್ತಲಿಲ್ಲ. ಪೆಟ್ರೋಲ್ ವಾಸನೆ ಬಂತು. ಹಾಗಾದರೆ ಚಳಿಯೇ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದೆ. ಒಳಗೆ ಸಾಸಿವೆಯಷ್ಟು ಸಣ್ಣ ನೀರಹನಿಗಳು. ದುಪಟ್ಟಾದ ಒಣ ತುದಿಯಿಂದ ಒರೆಸಿ ಮತ್ತೆ ಕೀ ತಿರುಗಿಸಿದೆ. ಕೆಮ್ಮಿತು, ಕೆಮ್ಮಿ ಹತ್ತಿಕೊಂಡಿತು! ಮಾಮಿಯ ಕಿಟಕಿಯತ್ತ ನೋಡಿದೆ. ಪರದೆ ಅಲುಗಲಿಲ್ಲ.

ಒಳಗೆ ಓಡಿದೆ. "ನಸುಕಿನ ಸುಬಹಿ ನಮಾಜಿಗೂ ಏಳಲಿಲ್ಲ, ನಿದ್ದೆ ಮಾಡಲಿ ಅಂತ ಬಿಟ್ಟೆ. ನೀವೇ ಎಬ್ಬಿಸಿ" ಎಂದಳು ಸೊಸೆ. ಮಾಮಿಯ ಕೈ ಹಿಡಿದೆ. ತಣ್ಣಗಾಗಿ ಬಹಳ ಹೊತ್ತಾಗಿತ್ತು.

ಕೇಳಲಿಲ್ಲ ಅವರಿಗೆ. ಹಗಲಿಡೀ ನನ್ನ ತಲೆಯಲ್ಲಿ ಅದೊಂದೇ.

ಮಣ್ಣು ಮಾಡಿ ಗಂಡಸರೆಲ್ಲ ಮರಳಿದ್ದರು. ಸಂಜೆ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುವಾಗ, ಪಕ್ಕದ ಮನೆಯ ಮೈಸೂರಿನವರು ತಮ್ಮ ದಿಂಬಿನ ಕವರ್ ಮಡಚುತ್ತಾ ಅಂದರು:

"ಬೆಳಿಗ್ಗೆ ಪಾಪ, ಎಷ್ಟು ಒದ್ದಾಡಿದ್ರಿ ಆ ಕಾರಿನ ಜೊತೆ! ನಸುಕಲ್ಲಿ, ಮಸೀದೀಲಿ ಬಾಂಗ್ ಆಗೋಕೆ ಮುಂಚೆ, ಒಂದೇ ಸಲಕ್ಕೆ ಸ್ಟಾರ್ಟ್ ಆಗಿತ್ತಲ್ಲ... ಆಗ ಯಾಕ್ರೀ ಆಫ್ ಮಾಡಿದ್ರಿ?"