ಅತ್ತೆಯ ಟೋಕನ್ ಅಡ್ವಾನ್ಸ್

ಪೀಣ್ಯದ ಲೇತ್ ಮೆಷಿನ್ ಮುಂದೆ ಮೂವತ್ತು ವರ್ಷ ನಿಂತ ನನ್ನ ಮಂಡಿ ಒಂದು ದಿನ ಸಾಕಪ್ಪಾ ಅಂತು. ನಾನೂ ಸಾಕು ಅಂದೆ. ಆದರೆ ಒಂದನೇ ತಾರೀಕು ಹೆಂಡತಿ ಕೈಗೆ ಸಂಬಳದ ಹಾಗೆ ಏನಾದರೂ ಇಡಬೇಕಲ್ಲ? ಇಲ್ಲದಿದ್ದರೆ ಮತ್ತೆ ಶಿಫ್ಟೇ ಗತಿ. ಕೆಲಸ ಬಿಟ್ಟಾಗ ಬಂದ ದುಡ್ಡನ್ನ ಕವರ್ಡ್ ಕಾಲ್ ಫಂಡಿಗೆ ಹಾಕಿದೆ.

ವೈಟ್‌ಫೀಲ್ಡ್ ಕಡೆಯ ಅತ್ತೆ ಮನೆಗೆ ಹೋದಾಗ ದೊಡ್ಡ ಮೇಷ್ಟ್ರ ಥರ ವಿವರಿಸಿದೆ. "ಫಂಡಿನವರ ಹತ್ರ ಷೇರು ಇರುತ್ತೆ ಅತ್ತೆ. ಇಷ್ಟು ದಿನದೊಳಗೆ ಬೇಕಾದರೆ ಈ ರೇಟಿಗೆ ತಗೋ ಅಂತ ಇನ್ನೊಬ್ಬನಿಗೆ ಹಕ್ಕು ಕೊಟ್ಟು ದುಡ್ಡು ಇಸ್ಕೋತಾರೆ. ಅವನು ತಗೊಳ್ಳಲಿ ಬಿಡಲಿ, ಆ ದುಡ್ಡು ನಮ್ಮದು. ತಿಂಗಳು ತಿಂಗಳು ಬರೋದು ಅದೇ."

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯನ್ನೂ ಎತ್ತಲಿಲ್ಲ. "ಜಮೀನಿಗೆ ಟೋಕನ್ ಅಡ್ವಾನ್ಸ್ ಇಸ್ಕೊಂಡಂಗೆ. ರೇಟು ಬಿದ್ರೆ?"

"ನಷ್ಟ ನಮ್ಮದೇ. ಇಸ್ಕೊಂಡ ಟೋಕನ್ನಿನಷ್ಟು ನಷ್ಟ ಕಮ್ಮಿ, ಅಷ್ಟೇ."

"ಅಂಗನ್ನಿ ಮತ್ತೆ. ಇಷ್ಟಕ್ಕೆ ಯಾಕಿಷ್ಟುದ್ದ ಇಂಗ್ಲೀಷು?"

ಇದನ್ನು ಕಲಿಯೋಕೆ ನಾನು ಮೂರು ವಾರ ವಿಡಿಯೋ ನೋಡಿದ್ದೆ!

ಕೆಲವು ತಿಂಗಳು ಎಲ್ಲ ಸಲೀಸು. ಆಮೇಲೆ ಮಾರ್ಕೆಟ್ ಏರಿತು ನೋಡಿ, ನಮ್ಮ ಫಂಡಿನ ಲಾಭ ಮೊದಲೇ ಒಪ್ಪಿದ ರೇಟಿಗೆ ನಿಂತುಬಿಟ್ಟಿತು; ಬರೀ ಷೇರು ಇಟ್ಟುಕೊಂಡಿದ್ದ ಹಳೇ ಸಹೋದ್ಯೋಗಿಯ ಫೋನು ಶುರುವಾಯ್ತು. "ಏನ್ ಗುರು, ನಿಂದಿನ್ನೂ ಫಸ್ಟ್ ಗೇರಲ್ಲೇ ಇದ್ಯಾ?" ಹೊಟ್ಟೆ ಉರಿದುಹೋಯ್ತು. ಎಲ್ಲ ಮಾರಿ ನಾನೂ ಬರೀ ಷೇರು ತಗೊಳ್ಳೋದೇ ಅಂತ ಹಟಕ್ಕೆ ಬಿದ್ದೆ.

"ರೀ, ಒಂದನೇ ತಾರೀಕಿಗೆ ಏನ್ಮಾಡ್ತೀರಿ?" ಅಂದಳು ಹೆಂಡತಿ.

"ಶಿಫ್ಟಿಗೆ ಹೋಗ್ತೀನಿ ಬಿಡು!" ಅಂತ ರೇಗಿದೆ. ಮಂಡಿ ಆಗಲೇ ನೋಯತೊಡಗಿತು.

ಆ ಭಾನುವಾರ ಅತ್ತೆ ಮನೆಗೆ ಹೋದಾಗ ಹೆಂಡತಿ ಎಲ್ಲ ಹೇಳಿಬಿಟ್ಟಳು. ಅತ್ತೆ ನನ್ನ ಮುಖ ನೋಡಿ, ಎದುರಿಗಿದ್ದ ಗಾಜಿನ ಕಟ್ಟಡದ ಕಡೆ ಗದ್ದ ಎತ್ತಿದರು. "ಅದು ನಮ್ ರಾಗಿ ಒಲ ಕಣಪ್ಪ. ಟೋಕನ್ ಇಸ್ಕೊಂಡು ಆರು ತಿಂಗ್ಳು ಟೈಮ್ ಕೊಟ್ಟಿದ್ವಿ. ಅಷ್ಟ್ರಲ್ಲಿ ರೇಟು ಡಬಲ್ ಆಯ್ತು. ನಿಮ್ ಮಾವ ಎರಡು ದಿನ ಊಟ ಬಿಟ್ರು. ನಾನೇಳ್ದೆ, ಟೋಕನ್ ತಗೊಂಡ್ಮೇಲೆ ಮುಗೀತು, ಓಗಿ ಮಾತಾಡಿದ್ ರೇಟಿಗೇ ರಿಜಿಸ್ಟ್ರಿ ಮಾಡ್ಕೊಡಿ ಅಂತ."

"ಬೇಜಾರಾಗ್ಲಿಲ್ವಾ ಅತ್ತೆ?"

"ಆಗ್ದೆ ಇರ್ತದಾ? ಆದ್ರೆ ಆ ಟೋಕನ್ನಲ್ಲೇ ನಿಮ್ ಹೆಂಡ್ತೀನ ಕಾಲೇಜಿಗೆ ಸೇರಿಸ್ದೆ."

ಇವಳನ್ನು ನಾನು ಮೊದಲು ನೋಡಿದ್ದು ಆ ಕಾಲೇಜಿನ ಬಸ್ ಸ್ಟಾಪಿನಲ್ಲಿ.

ಒಂದನೇ ತಾರೀಕು ಫಂಡಿನಿಂದ ಬಂದ ದುಡ್ಡನ್ನೇ ಹೆಂಡತಿ ಕೈಗಿಟ್ಟೆ. "ಶಿಫ್ಟಿಗೆ ಹೋಗಲ್ವಾ?" ಅಂತ ಕಿಚಾಯಿಸಿದಳು.

"ಎಲ್ಲಿಗೂ ಹೋಗಲ್ಲ ಕಣೇ," ಅಂದೆ. "ಟೋಕನ್ ತಗೊಂಡ್ಮೇಲೆ ಮುಗೀತು."